ಗೆರೆಯ ಕೆಳಗಿನ ಮಾತು

(ತತ್ವಶಾಸ್ತ್ರದ ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯವನ್ನು ‘ಮಾನವ ಕುಲದ ಸಮಾನ ಕಾಳಜಿಗಳು ಮತ್ತು ತತ್ವಶಾಸ್ತ್ರ ಸಂಘಗಳ ಸಹಕಾರ’ ಎಂದು ಅಚ್ಚು ಹಾಕಿಸಿದ್ದಾರೆ. ಓದಿ ನನಗೆ ಸ್ವಲ್ಪ ದಿಗಿಲಾಯಿತು. ಇಂಥ ಹೆಸರಿನ ಸಭೆಗಳಲ್ಲಿ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಬೆಳಿಗ್ಗೆ ದೀಪ ಹಚ್ಚುತ್ತೇವೆ, ಮಧ್ಯಾಹ್ನ ಊಟ ಮಾಡುತ್ತೇವೆ, ಸಂಜೆ ಒಂದು ನಿರ್ಣಯ ಓದುತ್ತೇವೆ. ಅದರಲ್ಲಿ ಶಾಂತಿ, ಸೌಹಾರ್ದ, ಮೌಲ್ಯ ಎಂಬ ಮೂರು ಮಾತು ಇದ್ದೇ ಇರುತ್ತವೆ. ಬಸ್ಸಿನ ಹೊತ್ತಾಗಿರುವುದರಿಂದ ಎಲ್ಲರೂ ಕೈ ಎತ್ತುತ್ತಾರೆ. ತತ್ವಶಾಸ್ತ್ರದವರೆಲ್ಲ ಒಂದೇ ಸಂಜೆಯಲ್ಲಿ ಒಪ್ಪಿಬಿಟ್ಟರು ಎಂದರೆ ಅಲ್ಲಿ ತತ್ವಶಾಸ್ತ್ರ ನಡೆದಿಲ್ಲ ಎಂದೇ ನನ್ನ ಅನುಮಾನ.

ಆದ್ದರಿಂದ ನಿರ್ಣಯಗಳನ್ನು ಪಕ್ಕಕ್ಕಿಟ್ಟು ಒಂದು ಪುಟದ ವಿಚಾರ ಹೇಳುತ್ತೇನೆ.

1901ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ತತ್ವಶಾಸ್ತ್ರ ಸಂಘ ಹುಟ್ಟಿತು. ಮರುವರ್ಷವೇ ಅದು ಒಂದು ಕೆಲಸ ಹಿಡಿಯಿತು: ತತ್ವಶಾಸ್ತ್ರದಲ್ಲಿ ಬಳಸುವ ಪದಗಳ ಅರ್ಥವನ್ನು ಒಂದೊಂದಾಗಿ ಗಟ್ಟಿ ಮಾಡುವುದು. ಮುಂದಾಳು ಆಂದ್ರೆ ಲಾಲಾಂದ್. ಅವರು ಒಂದು ಪದಕ್ಕೆ ಕರಡು ಬರೆದು ಅಚ್ಚು ಹಾಕಿಸಿ ಸದಸ್ಯರಿಗೂ ಹೊರದೇಶದ ಪಂಡಿತರಿಗೂ ಕಳಿಸುವರು. ಉತ್ತರಗಳು ಬರುವವು, ಸಭೆ ಸೇರುವುದು, ಜಗಳ ಆಗುವುದು. ಕಂತು ಕಂತಾಗಿ 1923ರವರೆಗೆ ನಡೆದ ಈ ಕೆಲಸ 1926ರಲ್ಲಿ ಪುಸ್ತಕವಾಗಿ ಬಂತು. ಇಪ್ಪತ್ತು ವರ್ಷ ದಾಟಿದ ಕೆಲಸ, ನಡುವೆ ಒಂದು ಮಹಾಯುದ್ಧ.

ಆ ಪುಸ್ತಕದ ಪುಟ ನೋಡಬೇಕು. ಅದು ಎರಡು ಅಂತಸ್ತಿನ ಮನೆಯ ಹಾಗಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ಪದ, ಜರ್ಮನ್, ಇಂಗ್ಲಿಷ್, ಇಟಾಲಿಯನ್ ಭಾಷೆಗಳಲ್ಲಿ ಅದಕ್ಕೆ ಸಮನಾದ ಮಾತು, ಆಮೇಲೆ ಸಂಘ ಒಪ್ಪಿದ ಅರ್ಥ. ಕೆಳಗೆ ಸಣ್ಣ ಅಕ್ಷರದಲ್ಲಿ ಒಪ್ಪದವರ ಮಾತು. ಈ ಅರ್ಥ ತಪ್ಪು ಎಂದು ಒಬ್ಬರು, ಪೂರ್ತಿ ತಪ್ಪಲ್ಲ, ಆದರೆ ಇನ್ನೊಂದು ಬಳಕೆ ಬಿಟ್ಟುಹೋಗಿದೆ ಎಂದು ಮತ್ತೊಬ್ಬರು. ಹೆಸರು ಸಮೇತ ಅಚ್ಚಾಗಿದೆ. ಕೆಲವು ಕಡೆ ಕೆಳಗಿನ ಅಂತಸ್ತು ಮೇಲಿನದಕ್ಕಿಂತ ದೊಡ್ಡದು. ಸೋತವರ ಮಾತನ್ನು ಅಳಿಸದೆ ಅದೇ ಪುಟದಲ್ಲಿ ಜಾಗ ಕೊಟ್ಟು ಕೂರಿಸಿದ್ದಾರೆ. ತತ್ವಶಾಸ್ತ್ರ ಸಂಘವೊಂದು ಮಾಡಿದ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ಪುಟದ ವಿನ್ಯಾಸ.

ಇದರ ಬೇರು 1900ರಲ್ಲಿದೆ. ಆ ವರ್ಷದ ಆಗಸ್ಟ್ ತಿಂಗಳಲ್ಲಿ, ಪ್ಯಾರಿಸ್ಸಿನ ವಿಶ್ವ ವಸ್ತುಪ್ರದರ್ಶನದ ಗದ್ದಲದ ನಡುವೆ, ಮೊದಲ ಅಂತರರಾಷ್ಟ್ರೀಯ ತತ್ವಶಾಸ್ತ್ರ ಸಮ್ಮೇಳನ ಸೇರಿತು. ಸಮ್ಮೇಳನಗಳಿಂದ ಏನು ಉಪಯೋಗ ಎಂದು ಕೇಳುವವರಿಗೆ ನಾನು ಹೇಳುವ ಕಥೆ ಇದು: ಇಂಗ್ಲೆಂಡಿನಿಂದ ಬಂದಿದ್ದ ಇಪ್ಪತ್ತೆಂಟರ ಬರ್ಟ್ರಂಡ್ ರಸೆಲ್ ಅಲ್ಲಿ ಇಟಲಿಯ ಗಣಿತಜ್ಞ ಪೆಯಾನೊ ಅವರನ್ನು ಕಂಡರು. ಚರ್ಚೆಗಳಲ್ಲಿ ಈ ಮನುಷ್ಯನ ಮಾತು ಮಾತ್ರ ಉಳಿದವರಿಗಿಂತ ಖಚಿತವಾಗಿರುತ್ತದಲ್ಲ, ಯಾಕೆ ಎಂದು ಬೆರಗಾಗಿ, ಅವರು ಬರೆದದ್ದನ್ನೆಲ್ಲ ಕೇಳಿ ಪಡೆದುಕೊಂಡು ಹೋದರು. ತಮ್ಮ ಬೌದ್ಧಿಕ ಬದುಕಿನ ತಿರುವು ಅದೇ ಎಂದು ರಸೆಲ್ ಮುಂದೆ ಬರೆದುಕೊಂಡಿದ್ದಾರೆ.

ಆ ಸಮ್ಮೇಳನಕ್ಕಾಗಿ ಓಡಾಡಿದವರಲ್ಲಿ ಲೂಯಿ ಕುತ್ಯುರಾ ಎಂಬ ತರ್ಕಶಾಸ್ತ್ರಿ ಇದ್ದರು. ಸ್ವಲ್ಪ ದಾರಿ ತಪ್ಪಿ ಅವರ ಕಥೆ ಹೇಳುತ್ತೇನೆ, ಮತ್ತೆ ಬರುತ್ತೇನೆ. ದೇಶ ದೇಶದ ಪಂಡಿತರು ಒಂದೆಡೆ ಸೇರಿದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೆ ಏನು ಫಲ ಎಂಬುದು ಅವರ ಕೊರಗು. ಎಲ್ಲರಿಗೂ ಸಮಾನವಾದ ಎರಡನೆಯ ಭಾಷೆಯೊಂದನ್ನು ಆರಿಸಲು 1901ರಲ್ಲಿ ಅವರೂ ಗೆಳೆಯರೂ ಸೇರಿ ಒಂದು ನಿಯೋಗ ಕಟ್ಟಿದರು. 1907ರಲ್ಲಿ ಅದರ ಸಮಿತಿ ಎಸ್ಪರಾಂತೊ ಎಂಬ ಕೃತಕ ಭಾಷೆಯನ್ನು ತಿದ್ದಿ ಒಪ್ಪಿಕೊಳ್ಳೋಣ ಎಂದಿತು. ಎಸ್ಪರಾಂತೊದವರು ಸಿಟ್ಟಾದರು. ತಿದ್ದಿದ ರೂಪ ‘ಇದೊ’ ಎಂಬ ಬೇರೆಯೇ ಭಾಷೆಯಾಯಿತು. ಲೋಕವನ್ನೆಲ್ಲ ಒಂದು ಮಾಡಲು ಹೊರಟ ಭಾಷೆ ಎರಡಾಗಿ ಒಡೆಯಿತು. ನಗಬೇಡಿ, ನಮ್ಮ ಊರಿನ ಸಂಘಗಳಲ್ಲೂ ಇದು ನಡೆಯುವುದೇ. ಲಾಲಾಂದರ ಪದಕೋಶದಲ್ಲಿ ಬಹಳಷ್ಟು ಪದಗಳ ಕೊನೆಗೆ ‘ಅಂತರರಾಷ್ಟ್ರೀಯ ಧಾತು’ ಎಂದು ಒಂದು ಪುಟ್ಟ ನಮೂದು ಇದೆ. ಯಾರೂ ಬಳಸದ ನಮೂದು. ಅದು ಕುತ್ಯುರಾ ಅವರ ಕನಸಿನ ಗುರುತು.

1914ರ ಆಗಸ್ಟ್ 3ರಂದು, ಜರ್ಮನಿ ಫ್ರಾನ್ಸಿನ ಮೇಲೆ ಯುದ್ಧ ಸಾರಿದ ದಿನ, ಸೈನ್ಯ ಜಮಾವಣೆಯ ಆದೇಶ ಹೊತ್ತು ಓಡುತ್ತಿದ್ದ ವಾಹನವೊಂದು ಅವರ ಗಾಡಿಗೆ ಬಡಿಯಿತು. ಯುದ್ಧ ಬೇಡ ಎನ್ನುತ್ತಿದ್ದ ಕುತ್ಯುರಾ ಅಲ್ಲಿಯೇ ತೀರಿಕೊಂಡರು. ಕಥೆಗಾರ ಬರೆದಿದ್ದರೆ ‘ಇದು ಅತಿಯಾಯಿತು’ ಎಂದು ಸಂಪಾದಕರು ಹೊಡೆದುಹಾಕುತ್ತಿದ್ದರು. 1915ಕ್ಕೆ ಲಂಡನ್ನಿನಲ್ಲಿ ಸೇರಬೇಕಿದ್ದ ಸಮ್ಮೇಳನ ಸೇರಲಿಲ್ಲ.

ಹದಿನಾಲ್ಕು ವರ್ಷ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದ ಫ್ರೆಂಚ್ ಮತ್ತು ಜರ್ಮನ್ ಪ್ರಾಧ್ಯಾಪಕರು ಯುದ್ಧ ಶುರುವಾದದ್ದೇ ತಂತಮ್ಮ ದೇಶದ ಪರವಾಗಿ ಕರಪತ್ರ ಬರೆಯತೊಡಗಿದರು. ಸಂಘಗಳ ಸಹಕಾರದ ಬಗ್ಗೆ ಮಾತಾಡುವಾಗ ಇದನ್ನು ಮುಚ್ಚಿಡಬಾರದು. ಸಮ್ಮೇಳನಗಳು ಯುದ್ಧ ತಡೆಯಲಿಲ್ಲ. 1934ರ ಪ್ರಾಗ್ ಸಮ್ಮೇಳನದ ಹೊತ್ತಿಗೆ ಜರ್ಮನಿಯ ಹೆಸರಾಂತ ತತ್ವಜ್ಞಾನಿ ಹುಸರ್ಲ್ ಅಂಥವರನ್ನೇ ಯೆಹೂದಿ ಎಂಬ ಕಾರಣಕ್ಕೆ ಅವರ ವಿಶ್ವವಿದ್ಯಾಲಯ ಹೊರಗೆ ನಿಲ್ಲಿಸಿತ್ತು. ಸಮ್ಮೇಳನಕ್ಕೆ ಅವರಿಂದ ಬಂದದ್ದು ಒಂದು ಪತ್ರ. ಅದೂ ಆ ಮುಂದಿನದನ್ನು ತಡೆಯಲಿಲ್ಲ.

ನಮ್ಮ ಕಡೆಯ ಮಾತಿಗೆ ಬರೋಣ. 1926ರಲ್ಲಿ ಹಾರ್ವರ್ಡಿನಲ್ಲಿ ಆರನೆಯ ಸಮ್ಮೇಳನ ಸೇರಿದಾಗ ಭಾರತದಿಂದ ಸುರೇಂದ್ರನಾಥ ದಾಸಗುಪ್ತ ಮತ್ತು ರಾಧಾಕೃಷ್ಣನ್ ಹೋಗಿದ್ದರು. ಅದಕ್ಕೆ ಐದು ವರ್ಷ ಮೊದಲು ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ಮಹಾರಾಜಾ ಕಾಲೇಜಿನ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದ ಕಥೆ ನಿಮಗೆ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ನನಗೆ ಹೆಚ್ಚು ಮುಖ್ಯ ಎನಿಸುವುದು 1925ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ತತ್ವಶಾಸ್ತ್ರ ಕಾಂಗ್ರೆಸ್ ಮೊದಲು ಸೇರಿದಾಗ ಅಧ್ಯಕ್ಷರಾಗಿ ಯಾರನ್ನು ಕೂರಿಸಿದರು ಎಂಬುದು. ರವೀಂದ್ರನಾಥ ಠಾಕೂರರನ್ನು. ಪ್ರಾಧ್ಯಾಪಕರ ಸಭೆಗೆ ಕವಿ ಅಧ್ಯಕ್ಷ! ಅವರು ಮಾತಾಡಿದ್ದು ಬಂಗಾಳದ ಹಳ್ಳಿಗಳ ಬಾವುಲ್ ಗಾಯಕರ ಬಗ್ಗೆ. ಹಳ್ಳಿಯ ಹಾಡುಗಾರನ ಪದವನ್ನು ಶೆಲ್ಲಿಯ ಕವಿತೆಯ ಪಕ್ಕದಲ್ಲಿಟ್ಟು, ನಮ್ಮ ಜನರ ತತ್ವಶಾಸ್ತ್ರ ಇಲ್ಲಿದೆ ನೋಡಿ ಎಂದರು. ಕನ್ನಡದವರಿಗೆ ಇದು ಥಟ್ಟನೆ ಹೊಳೆಯಬೇಕು. ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ಸೀಮೆಯಲ್ಲಿ ‘ತತ್ವ’ ಎಂದರೆ ಏಕತಾರಿ ಹಿಡಿದು ಹಾಡುವ ಪದ. ನಾವು ಕಾಲೇಜಿನಲ್ಲಿ ಹೇಳಿಕೊಡುವ ಶಾಸ್ತ್ರಕ್ಕೂ ಅದಕ್ಕೂ ಹೆಸರು ಒಂದೇ, ನಂಟು ಮಾತ್ರ ಇಲ್ಲ. ನಮ್ಮ ವಿಭಾಗಗಳ ಯಾವ ವಿಚಾರ ಸಂಕಿರಣಕ್ಕೂ ತತ್ವಪದಕಾರರನ್ನು ಅಧ್ಯಕ್ಷರಾಗಿ ಕರೆದದ್ದನ್ನು ನಾನು ಕಂಡಿಲ್ಲ. ಕೊನೆಯಲ್ಲಿ ಮನರಂಜನೆಗೆ ಕರೆದದ್ದನ್ನು ಕಂಡಿದ್ದೇನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮತ್ತೆ ಕಟ್ಟುವ ಕೆಲಸ ಶುರುವಾಯಿತು. 1948ರ ಆಗಸ್ಟಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹತ್ತನೆಯ ಸಮ್ಮೇಳನ. ತತ್ವಶಾಸ್ತ್ರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು ಅಲ್ಲಿ. ಮೊದಲ ಅಧ್ಯಕ್ಷರು ಡಚ್ ತತ್ವಜ್ಞಾನಿ ಪೊಸ್. ಮರುವರ್ಷ ಯುನೆಸ್ಕೊ ಆಸರೆಯಲ್ಲಿ ತತ್ವಶಾಸ್ತ್ರ ಮತ್ತು ಮಾನವಿಕಗಳ ಮಂಡಳಿ ಬಂತು, ಒಕ್ಕೂಟ ಅದರ ಅಂಗವಾಯಿತು. ಸುಮಾರು ಐದು ವರ್ಷಕ್ಕೊಮ್ಮೆ ವಿಶ್ವ ಸಮ್ಮೇಳನ ನಡೆಸುತ್ತ ಒಕ್ಕೂಟ ಇವತ್ತಿಗೂ ಇದೆ. 2008ರಲ್ಲಿ ಸೋಲ್, 2013ರಲ್ಲಿ ಅಥೆನ್ಸ್, 2018ರಲ್ಲಿ ಬೀಜಿಂಗ್, 2024ರಲ್ಲಿ ರೋಮ್. ಭಾರತದಲ್ಲಿ ಒಮ್ಮೆಯೂ ಆಗಿಲ್ಲ.

ಆದರೆ ಆ ಕಾಲದ ಒಳ್ಳೆಯ ಕಥೆ ಒಕ್ಕೂಟದ್ದಲ್ಲ, ಅದಕ್ಕೆ ಒಂದು ವರ್ಷ ಹಿಂದಿನದು. 1947ರಲ್ಲಿ ಯುನೆಸ್ಕೊ ಲೋಕದ ಚಿಂತಕರಿಗೆಲ್ಲ ಒಂದು ಪ್ರಶ್ನಾವಳಿ ಕಳಿಸಿತು. ಮನುಷ್ಯನ ಹಕ್ಕುಗಳೆಂದರೆ ನಿಮ್ಮ ಪರಂಪರೆಯಲ್ಲಿ ಏನು, ಅವು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ. ಒಂದು ಪ್ರತಿ ಗಾಂಧೀಜಿಗೂ ಬಂತು. ಮೇ 25ರಂದು ದೆಹಲಿಯ ಭಂಗಿ ಕಾಲೋನಿಯಿಂದ ಅವರು ಉತ್ತರ ಬರೆದರು. ದೇಶ ಒಡೆಯಲು ಮೂರು ತಿಂಗಳೂ ಇಲ್ಲದ ಹೊತ್ತು. ಸದಾ ಓಡಾಟದಲ್ಲಿರುವುದರಿಂದ ಟಪಾಲು ಸಮಯಕ್ಕೆ ಸಿಗುವುದಿಲ್ಲ ಎಂದು ಮೊದಲು ಕ್ಷಮೆ. ಆಮೇಲೆ ಕೆಲವೇ ಸಾಲು: ಓದು ಬರಹ ಬಾರದ, ಆದರೆ ವಿವೇಕಿಯಾದ ತನ್ನ ತಾಯಿಯಿಂದ ಕಲಿತದ್ದು ಇಷ್ಟೇ, ಸರಿಯಾಗಿ ಮಾಡಿದ ಕರ್ತವ್ಯದಿಂದಲೇ ಹಕ್ಕು ಹುಟ್ಟುತ್ತದೆ. ಹಕ್ಕುಗಳ ಪಟ್ಟಿ ಮಾಡಲು ಹೊರಟವರ ಮೇಜಿನ ಮೇಲೆ ಬಂದು ಬಿದ್ದದ್ದು ಕರ್ತವ್ಯದ ಕಾಗದ. ಅವರು ಅದನ್ನು ಬಿಸಾಡಲಿಲ್ಲ. ಬಂದ ಉತ್ತರಗಳ ಸಂಕಲನದಲ್ಲಿ ಹಾಗೆಯೇ ಅಚ್ಚು ಹಾಕಿದರು. ಲಾಲಾಂದರ ಪುಟದ ಕೆಳಗಿನ ಅಂತಸ್ತು ನೆನಪಾಗುತ್ತದಲ್ಲವೆ?

ಆ ಸಂಕಲನಕ್ಕೆ ಮುನ್ನುಡಿ ಬರೆದ ಫ್ರೆಂಚ್ ತತ್ವಜ್ಞಾನಿ ಜಾಕ್ ಮರಿತೇನ್ ಒಂದು ಪ್ರಸಂಗ ಹೇಳುತ್ತಾರೆ. ಒಂದಕ್ಕೊಂದು ಉರಿದು ಬೀಳುವ ಸಿದ್ಧಾಂತಗಳವರು ಹಕ್ಕುಗಳ ಪಟ್ಟಿಗೆ ಹೇಗೆ ಒಪ್ಪಿದಿರಿ ಎಂದು ಯಾರೋ ಬೆರಗಾಗಿ ಕೇಳಿದರಂತೆ. ಒಪ್ಪಿದ್ದೇವೆ, ಆದರೆ ಯಾಕೆ ಎಂದು ಮಾತ್ರ ಕೇಳಬಾರದು ಎಂಬ ಉತ್ತರ ಬಂತಂತೆ. ಇದನ್ನು ಬಹಳ ಜನ ಮೆಚ್ಚಿ ಉದಾಹರಿಸುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ರಾಜತಂತ್ರಕ್ಕೆ ಅದು ಸಾಕು. ‘ಯಾಕೆ’ ಎಂದು ಕೇಳಬಾರದು ಎನ್ನುವ ಸಹಕಾರದಲ್ಲಿ ತತ್ವಶಾಸ್ತ್ರದವರಿಗೆ ಏನು ಕೆಲಸ? ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗವೂ ಯುನೆಸ್ಕೊ ಪಂಡಿತರ ವರದಿಯನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ.

ಆದರೆ ಆ ಆಯೋಗದ ಒಳಗೇ ಇಬ್ಬರು ತತ್ವಶಾಸ್ತ್ರದವರಿದ್ದರು. ಲೆಬನಾನಿನ ಚಾರ್ಲ್ಸ್ ಮಲಿಕ್ ಮತ್ತು ಚೀನಾದ ಚಾಂಗ್ ಪೆಂಗ್‌ಚುನ್. ಮಲಿಕ್ ವೈಟ್‌ಹೆಡ್ ಬಳಿ, ಹೈಡೆಗರ್ ಬಳಿ ಓದಿದವರು, ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವೈನಾಸ್ ಎಂದರೆ ಪ್ರಾಣ. ಚಾಂಗ್ ನಾಟಕಕಾರ, ಶಿಕ್ಷಣತಜ್ಞ. ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್ ಒಂದು ಸಂಜೆ ಇಬ್ಬರನ್ನೂ ಮನೆಗೆ ಚಹಾಕ್ಕೆ ಕರೆದರು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ಬರೆಯಬೇಕಾಗಿದ್ದ ಅಧಿಕಾರಿಯೂ ಅಲ್ಲಿದ್ದ. ಪರಮಸತ್ಯ ಒಂದೇ ಬಗೆಯದಲ್ಲ, ಈ ಅಧಿಕಾರಿ ಮೊದಲು ಕೆಲವು ತಿಂಗಳು ಕನ್‌ಫ್ಯೂಶಿಯಸ್ ಓದಿ ಬರಲಿ ಎಂದರು ಚಾಂಗ್. ಮಲಿಕ್ ಅಕ್ವೈನಾಸನ ಮಾತು ಎತ್ತಿದರು. ಮಾತು ಎಷ್ಟು ಎತ್ತರಕ್ಕೆ ಹೋಯಿತೆಂದರೆ ರೂಸ್‌ವೆಲ್ಟ್ ಅವರು ಸುಮ್ಮನೆ ಚಹಾ ಬಗ್ಗಿಸುತ್ತ ಕೂತರಂತೆ.

ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಮನುಷ್ಯರು ‘ವಿವೇಕ’ ಉಳ್ಳವರು ಎಂದಷ್ಟೇ ಇತ್ತು. ಚಾಂಗ್ ತಕರಾರು ಎತ್ತಿದರು. ಬರೀ ಬುದ್ಧಿಯಿಂದ ಮನುಷ್ಯ ಮನುಷ್ಯನಾಗುವುದಿಲ್ಲ, ಚೀನೀಯರಲ್ಲಿ ‘ರೆನ್’ ಎಂಬ ಮಾತಿದೆ, ಅದನ್ನೂ ಸೇರಿಸಿ ಎಂದರು. ಆ ಅಕ್ಷರವನ್ನು ಬರೆಯುವುದೇ ‘ಮನುಷ್ಯ’ ಎಂಬ ಗುರುತಿನ ಪಕ್ಕ ‘ಎರಡು’ ಎಂಬ ಗುರುತಿಟ್ಟು. ಎದುರಿಗೆ ಇನ್ನೊಬ್ಬನಿದ್ದಾನೆ ಎಂಬ ಎಚ್ಚರ, ಅವನಿಗಾಗಿ ಮಿಡಿಯುವುದು. ಇಂಗ್ಲಿಷಿನಲ್ಲಿ ಅದಕ್ಕೆ ಪದ ಸಿಗಲಿಲ್ಲ. ಕೊನೆಗೆ ‘ಕಾನ್ಷಿಯನ್ಸ್’ ಎಂದು ಹಾಕಿದರು. ನಾವು ‘ಮನಸ್ಸಾಕ್ಷಿ’ ಎನ್ನುತ್ತೇವಲ್ಲ, ಅದು. ಅದು ಒಬ್ಬಂಟಿ ಪದ. ರಾತ್ರಿ ನಿದ್ದೆ ಬಾರದೆ ನಾನು ನನ್ನ ಜೊತೆ ನಡೆಸುವ ವಿಚಾರಣೆ. ಎರಡನೆಯ ಮನುಷ್ಯ ಅಲ್ಲಿ ಕಾಣಿಸುವುದಿಲ್ಲ. ರೆನ್ ದಾರಿಯಲ್ಲೇ ಕಳೆದುಹೋಯಿತು.

ಈಗ ಅದೇ ವಿಧಿಯನ್ನು ಕನ್ನಡದಲ್ಲಿ ಓದಿ. ‘ವಿವೇಕ ಮತ್ತು ಅಂತಃಕರಣಗಳನ್ನು ಪಡೆದವರಾದ್ದರಿಂದ...’ ಎಂದಿದೆ. ಅಂತಃಕರಣ! ವೇದಾಂತದ ಪಾಠದಲ್ಲಿ ಅಂತಃಕರಣವೆಂದರೆ ಒಳಗಿನ ಕರಣ, ಮನಸ್ಸು, ಬುದ್ಧಿ, ಅಹಂಕಾರ, ಚಿತ್ತ. ನಾವು ಕಪ್ಪುಹಲಗೆಯ ಮೇಲೆ ನಾಲ್ಕು ಕವಲು ಎಳೆದು ತೋರಿಸುವ ಪದ. ಆದರೆ ನಮ್ಮ ಅಮ್ಮ, ಅಜ್ಜಿಯರ ಬಾಯಲ್ಲಿ? ‘ಅವನಿಗೆ ಒಂಚೂರೂ ಅಂತಃಕರಣ ಇಲ್ಲ’ ಎಂದರೆ ಅವನಿಗೆ ಬುದ್ಧಿ ಇಲ್ಲ ಎಂದಲ್ಲ, ಸಾಕ್ಷಿಪ್ರಜ್ಞೆ ಇಲ್ಲ ಎಂದೂ ಅಲ್ಲ. ಬಾಗಿಲಿಗೆ ಬಂದವರ ಹಸಿವು ಅವನಿಗೆ ತಟ್ಟುವುದಿಲ್ಲ ಎಂದು. ಅಂದರೆ ಚಾಂಗ್ ಕೇಳಿದ್ದೇ ಇದನ್ನು. ಚೀನೀ ಮಾತು ಇಂಗ್ಲಿಷಿಗೆ ಬಂದು ಬಡವಾಗಿ, ಕನ್ನಡಕ್ಕೆ ಬಂದು ಮತ್ತೆ ಮೈತುಂಬಿಕೊಂಡಿತು. ಅನುವಾದಿಸಿದವರ ಮನಸ್ಸಿನಲ್ಲಿ ಚಾಂಗ್ ಇದ್ದರು ಎಂದು ನಾನು ಹೇಳುತ್ತಿಲ್ಲ. ಭಾಷೆಯೇ ಆ ಕೆಲಸ ಮಾಡಿಕೊಂಡಿತು.

ಇಂಥದ್ದು ಒಂದು ಒಕ್ಕೂಟದ ಸಭೆಯಲ್ಲಿ ಚರ್ಚೆಗೆ ಬರಬೇಕಲ್ಲವೆ? ಬರುವುದಿಲ್ಲ. ಬೀಜಿಂಗ್ ಸಮ್ಮೇಳನದ ವಿಷಯ ‘ಮನುಷ್ಯರಾಗಲು ಕಲಿಯುವುದು’. ಅದಕ್ಕಿಂತ ಹೊಂದುವ ಜಾಗ ಇನ್ನೊಂದಿಲ್ಲ. ಆದರೆ ಅಲ್ಲಿನ ಅಧಿಕೃತ ಭಾಷೆಗಳು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ರಷ್ಯನ್, ಚೀನೀ. ನಮ್ಮ ಉಪಖಂಡದ ಒಂದು ಭಾಷೆಯೂ ಇಲ್ಲ. ಇದನ್ನು ನಾನು ಮಾನದ ಪ್ರಶ್ನೆಯಾಗಿ ಹೇಳುತ್ತಿಲ್ಲ, ಪಟ್ಟಿಯಲ್ಲಿ ಹೆಸರು ಬರೆಸಿ ಬಂದರೆ ಆಗುವುದೂ ಏನಿಲ್ಲ. ತಪ್ಪು ನಮ್ಮದೂ ಇದೆ. ಹಿರಿಯಣ್ಣನವರು ಮೈಸೂರಿನಲ್ಲಿ ವರ್ಷಗಟ್ಟಲೆ ಮಾಡಿದ ಭಾರತೀಯ ತತ್ವಶಾಸ್ತ್ರದ ಪಾಠಗಳು 1932ರಲ್ಲಿ ಲಂಡನ್ನಿನಿಂದ ಇಂಗ್ಲಿಷ್ ಪುಸ್ತಕವಾಗಿ ಬಂದವು. ಇಂದಿಗೂ ಅದಕ್ಕಿಂತ ಅಚ್ಚುಕಟ್ಟಾದ ಪರಿಚಯ ಗ್ರಂಥ ಅಪರೂಪ. ಹೊರಗೆ ಹೋಗುವ ಆ ದಾರಿಯನ್ನು ಚೆನ್ನಾಗಿ ಹಾಕಿಕೊಂಡೆವು. ಹೊರಗಿನದನ್ನು ನಮ್ಮ ಪದಗಳಲ್ಲಿ ಕೂರಿಸಿ ‘ಇದು ಇಲ್ಲಿ ಕೂರುವುದಿಲ್ಲ’ ಎಂದು ತಿರುಗಿ ಹೇಳುವ ದಾರಿಯನ್ನು ಹಾಕಲಿಲ್ಲ.

ಒಮ್ಮೆ ಮಾತ್ರ ಅಂಥ ಪ್ರಯತ್ನ ದೊಡ್ಡದಾಗಿ ನಡೆಯಿತು. 1983ರಲ್ಲಿ ಪುಣೆಯಲ್ಲಿ. ಜೈಪುರದ ದಯಾಕೃಷ್ಣ, ಮರಾಠಿಯ ಮೇ. ಪುಂ. ರೇಗೆ ಮುಂದಾಗಿ, ಭಾರತೀಯ ತತ್ವಶಾಸ್ತ್ರ ಸಂಶೋಧನಾ ಮಂಡಳಿಯ ನೆರವಿನಿಂದ, ಇಂಗ್ಲಿಷಿನಲ್ಲಿ ತತ್ವಶಾಸ್ತ್ರ ಓದಿದವರನ್ನೂ ಸಂಸ್ಕೃತದಲ್ಲೇ ಯೋಚಿಸುವ ನ್ಯಾಯಶಾಸ್ತ್ರದ, ಅಂದರೆ ಭಾರತೀಯ ತರ್ಕಶಾಸ್ತ್ರದ, ಪಂಡಿತರನ್ನೂ ಎದುರುಬದುರು ಕೂರಿಸಿದರು. ಹೆಸರು ‘ಸಂವಾದ’. ವಿಷಯ ಆತ್ಮವಲ್ಲ, ಮೋಕ್ಷವಲ್ಲ. ರಸೆಲ್ಲರ ‘ಪ್ರೊಪೊಸಿಷನ್’! ಪ್ಯಾರಿಸ್ಸಿನಲ್ಲಿ ಪೆಯಾನೊ ಹಿಂದೆ ಬಿದ್ದ ಅದೇ ರಸೆಲ್. ಅವರ ವಿಚಾರವನ್ನು ಸಂಸ್ಕೃತಕ್ಕೆ ತಂದು ಪಂಡಿತರ ಮುಂದಿಟ್ಟು, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು.

ನಾನು ತರಗತಿಯಲ್ಲಿ ಪ್ರೊಪೊಸಿಷನ್ನಿಗೆ ‘ತರ್ಕವಾಕ್ಯ’ ಎಂದು ಹೇಳಿ ಕೈ ತೊಳೆದುಕೊಂಡವನು. ತೊಡಕು ಎಲ್ಲಿದೆ ಎಂದು ಅರ್ಥವಾದದ್ದು ಈ ಸಂವಾದದ ಬಗ್ಗೆ ಓದಿದ ಮೇಲೆ. ನೈಯಾಯಿಕನಿಗೆ, ಅಂದರೆ ನ್ಯಾಯಶಾಸ್ತ್ರದ ಪಂಡಿತನಿಗೆ, ಸತ್ಯ ಅಥವಾ ಸುಳ್ಳು ಆಗುವುದು ಜ್ಞಾನ, ಅಂದರೆ ಯಾರಿಗೋ ಯಾವುದೋ ಹೊತ್ತಿನಲ್ಲಿ ಹುಟ್ಟುವ ಅರಿವು. ಯಾರ ತಲೆಯಲ್ಲೂ ಇಲ್ಲದೆ, ಯಾವ ಭಾಷೆಗೂ ಸೇರದೆ ಗಾಳಿಯಲ್ಲಿ ನಿಂತ ‘ಅರ್ಥ’ವೊಂದಿದೆ, ಅದೇ ಸತ್ಯ ಅಥವಾ ಅಸತ್ಯ ಎಂದರೆ ಅವನು ಕೇಳುವ ಪ್ರಶ್ನೆ ಸರಳ: ಅದು ಯಾರದು? ಈ ಪ್ರಶ್ನೆಗೆ ಉತ್ತರ ಹೇಳಲು ಹೊರಟರೆ ರಸೆಲ್ಲರನ್ನು ಮೊದಲಿನಿಂದ ಓದಬೇಕಾಗುತ್ತದೆ. ಅತ್ತಿಂದಿತ್ತಲೂ ಪೆಟ್ಟು ಬಿತ್ತು. ಆ ಸಂವಾದಗಳ ಮುಂದಿನ ಹಂತದಲ್ಲಿ ಹಿರಿಯ ನೈಯಾಯಿಕ ಬದರೀನಾಥ ಶುಕ್ಲರು, ನ್ಯಾಯದರ್ಶನಕ್ಕೆ ದೇಹಕ್ಕಿಂತ ಬೇರೆಯಾದ ಆತ್ಮ ಬೇಕೇ ಬೇಕೆಂದಿಲ್ಲ, ದೇಹವೇ ಆತ್ಮವೆಂದರೂ ಶಾಸ್ತ್ರ ನಿಲ್ಲುತ್ತದೆ ಎಂದು ವಾದ ಹೂಡಿ ತೋರಿಸಿದರು. ಸಾಂಪ್ರದಾಯಿಕ ಪಂಡಿತರು, ಸಂಸ್ಕೃತದಲ್ಲಿ! ನಿರ್ಣಯ ಮಂಡಿಸುವ ಸಭೆಯಲ್ಲಿ ಇಂಥದ್ದು ಹುಟ್ಟುವುದಿಲ್ಲ.

‘ನಮ್ಮಲ್ಲಿ ಅನುಭವ ಮಂಟಪವೇ ಇತ್ತಲ್ಲ, ಇದೆಲ್ಲ ನಮಗೇನು ಹೊಸದು’ ಎಂದು ಈಗ ಯಾರಾದರೂ ಎದ್ದು ಕೇಳುತ್ತೀರಿ. ಇತ್ತು. ಹನ್ನೆರಡನೆಯ ಶತಮಾನದಲ್ಲಿ ಇತ್ತು ಎಂಬುದು ಇಪ್ಪತ್ತೊಂದನೆಯ ಶತಮಾನದಲ್ಲಿ ನಾವು ಸುಮ್ಮನಿರುವುದಕ್ಕೆ ರಜಾ ಚೀಟಿಯಲ್ಲ.

ನಮ್ಮ ಊರಿನಲ್ಲಿ ಏಳೆಂಟು ಜನ ತಿಂಗಳಿಗೊಮ್ಮೆ ಒಬ್ಬರ ಮನೆಯ ಜಗಲಿಯಲ್ಲಿ ಕೂರುತ್ತೇವೆ. ಸಂಘವೆಂದು ನೋಂದಣಿ ಮಾಡಿಸಿಲ್ಲ, ಅಧ್ಯಕ್ಷರಿಲ್ಲ, ಆದ್ದರಿಂದ ಇನ್ನೂ ಒಡೆದಿಲ್ಲ. ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದೇವೆ. ಪುಟದ ಅರ್ಧಕ್ಕೆ ಸ್ಕೇಲಿನಿಂದ ಗೆರೆ. ಮೇಲೆ ಒಂದು ಪದ, ಅದಕ್ಕೆ ಎಲ್ಲರೂ ಸದ್ಯಕ್ಕೆ ಒಪ್ಪಿದ ಅರ್ಥ. ಕೆಳಗೆ ಒಪ್ಪದವರು ಬರೆಯಬೇಕು, ಹೆಸರು ಹಾಕಬೇಕು. ‘ಅಂತಃಕರಣ’ದ ಪುಟದಲ್ಲಿ ನಾನು ಈಗ ನಿಮಗೆ ಹೇಳಿದ್ದನ್ನೆಲ್ಲ ಮೇಲೆ ಬರೆದೆ. ಚರ್ಚಿನ ಪಾದ್ರಿಯಾಗಿದ್ದು ನಿವೃತ್ತರಾದ, ಲ್ಯಾಟಿನ್ ಬಲ್ಲ ಗೆಳೆಯರೊಬ್ಬರು ಗೆರೆಯ ಕೆಳಗೆ ಬರೆದರು: ‘ಕಾನ್ಷಿಯನ್ಸ್ ಒಬ್ಬಂಟಿ ಪದವಲ್ಲ. ಅದರ ಮೊದಲ ತುಂಡು “ಕಾನ್” ಎಂದರೆ ಕೂಡಿ. ಕೂಡಿ ಅರಿಯುವುದು ಎಂದೇ ಮೂಲ. ಮೇಷ್ಟರು ದುಡುಕಿದ್ದಾರೆ.’ ಅದಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ. ಅದು ಅಲ್ಲೇ ಇದೆ.

ಕಳೆದ ತಿಂಗಳು ಅದೇ ವಿಧಿಯ ಕೊನೆಯ ಮಾತನ್ನು ಎತ್ತಿಕೊಂಡೆವು, ‘ಸಹೋದರ ಭಾವ’. ಇಂಗ್ಲಿಷ್ ಕರಡಿನಲ್ಲಿ ‘ಎಲ್ಲ ಪುರುಷರು’ ಎಂದು ಇದ್ದದ್ದನ್ನು ಹಟ ಹಿಡಿದು ‘ಎಲ್ಲ ಮಾನವರು’ ಎಂದು ಬದಲಿಸಿದವರು ಭಾರತದ ಹಂಸಾ ಮೆಹ್ತಾ. ಆದರೂ ಸಾಲಿನ ತುದಿಯಲ್ಲಿ ಸಹೋದರರು ಮಾತ್ರ ಉಳಿದುಕೊಂಡರು. ಎಂ.ಎ. ಓದುವ ಹುಡುಗಿಯೊಬ್ಬಳು, ‘ಸರ್, ಕನ್ನಡದಲ್ಲಿ ಒಡಹುಟ್ಟಿದವರು ಎಂಬ ಮಾತಿದೆಯಲ್ಲ, ಅದರಲ್ಲಿ ಅಕ್ಕ ತಂಗಿಯರೂ ಇದ್ದಾರೆ, ಅಣ್ಣ ತಮ್ಮಂದಿರೂ ಇದ್ದಾರೆ’ ಎಂದಳು. ಎಲ್ಲರಿಗೂ ಖುಷಿಯಾಯಿತು. ಗೆರೆಯ ಮೇಲೆ ಬರೆದೂ ಆಯಿತು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಬ್ಬ ಹುಡುಗ ಪುಸ್ತಕ ಎಳೆದುಕೊಂಡು, ಗೆರೆಯ ಕೆಳಗೆ ಬರೆದು, ಹೆಸರು ಹಾಕಿ ತಳ್ಳಿದ. ‘ಒಡಹುಟ್ಟಿದವರು ಎಂದರೆ ಮತ್ತೆ ಒಂದೇ ಮನೆ, ಒಂದೇ ಜಾತಿ. ನನ್ನ ಮನೆಯ ನೀರು ಕುಡಿಯದವರ ಜೊತೆ ನಾನು ಹೇಗೆ ಇರಬೇಕು ಎಂಬುದಕ್ಕೆ ಪದ ಬೇಕು.’

ಚಹಾ ತಣ್ಣಗಾಯಿತು. ಮುಂದಿನ ತಿಂಗಳು ಎರಡನೆಯ ಭಾನುವಾರ ಮತ್ತೆ ಅದೇ ಪುಟದಿಂದ ಶುರು ಮಾಡುತ್ತೇವೆ. ಕೆಳಗೆ ಇನ್ನೂ ನಾಲ್ಕು ಬೆರಳು ಜಾಗ ಇದೆ.